ಪ್ರೇಮನಾಥರ ಚರ್ಚು ಪರೀಕ್ಷೆ

ಮಗಳಿಗೆ ಟೋಪಿ ಹಾಕಲು ಬರುವವನನ್ನು ಇವತ್ತು ಹಿಡಿದೇ ತೀರಬೇಕೆಂದು ಪ್ರೇಮನಾಥರು ಮಸ್ಕತ್‌ನ ರೂವಿಯ ಹೋಟೆಲಿನಲ್ಲಿ ಬಾಗಿಲಿಗೆ ಮುಖ ಮಾಡಿ ಕುಳಿತಿದ್ದರು.

ಮಗಳು ಪ್ರಣೀತಾ ಮೆಚ್ಚಿದ ಹುಡುಗನ ಹೆಸರು ಶ್ರವಣ್. ಇಂಗ್ಲೆಂಡಿನ ಯಾವುದೋ ಹಳ್ಳಿಯಲ್ಲಿ ಒಂಬೈನೂರು ವರ್ಷ ಹಳೆಯ ಚರ್ಚನ್ನು ದುರಸ್ತಿ ಮಾಡುವ ಆರ್ಕಿಟೆಕ್ಟ್ ಅಂತೆ. ಕಾರ್ಕಳದ ಹುಡುಗನ ಕೈಗೆ ಇಂಗ್ಲಿಷರು ತಮ್ಮ ಚರ್ಚು ಕೊಡುತ್ತಾರೆಯೇ? ಪ್ರಣೀತಾ ತೋರಿಸಿದ ಒಂದೇ ಫೋಟೋದಲ್ಲಿ ಅವನ ತಲೆಗೆ ಹೆಲ್ಮೆಟ್, ಮುಖಕ್ಕೆ ಧೂಳಿನ ಮಾಸ್ಕ್.

"ಮುಖವೇ ಕಾಣದವನಿಗೆ ಮಗಳನ್ನು ಕೊಡುವುದು ಹೇಗೆ?" ಎಂದು ದಾರ್ಸೈಟ್‌ನ ತಮ್ಮ ಮನೆಯಲ್ಲಿ ಗುಡುಗಿದ್ದರು.

"ಬೇರೆ ಫೋಟೋ ಕೇಳಿ ಮಾರಾಯ್ರೆ" ಎಂದಿದ್ದಳು ಹೆಂಡತಿ ಲೋಲಾಕ್ಷಿ.

"ಫೋಟೋ ಬೇಡ. ಎದುರು ಕೂರಿಸಿಯೇ ನೋಡ್ತೇನೆ."

ಅವರ ಹಟಕ್ಕೆ ಕಾರಣವಿತ್ತು. ತಂಗಿಯ ಮಗಳನ್ನು ಕಟ್ಟಿಕೊಂಡ 'ಲಂಡನ್ ಇಂಜಿನಿಯರ್' ವಿಮಾನವನ್ನೇ ಹತ್ತಿದವನಲ್ಲ ಎಂಬುದು ಮದುವೆಯ ಊಟವೆಲ್ಲ ಮುಗಿದ ಮೇಲೆ ತಿಳಿದಿತ್ತು. ಹಾಗಾಗಿ ಪ್ರೇಮನಾಥರು ಕಂಪ್ಯೂಟರಿನ ಮುಂದೆ ಕುಳಿತು ಆ ಚರ್ಚಿನ ಬಗ್ಗೆ ಪರೀಕ್ಷೆಗೆ ಓದುವವರಂತೆ ಓದಿದ್ದರು. ಹುಡುಗ ಊರಿಗೆ ಹೋಗುವ ದಾರಿಯಲ್ಲಿ ಮಸ್ಕತ್‌ನಲ್ಲಿ ಇಳಿಯುವವನಿದ್ದ. "ನಾನು ಮಾತಾಡುವಾಗ ನೀನು ಬಾಯಿ ಹಾಕಬಾರದು" ಎಂದು ಮಗಳಿಗೂ ತಾಕೀತು ಮಾಡಿದ್ದರು.

ಬಾಗಿಲು ತೆರೆಯಿತು. ಟೀ ಶರ್ಟು, ಶಾಂತ ಮುಖ, ವಯಸ್ಸು ಸ್ವಲ್ಪ ಹೆಚ್ಚೇ.

"ಪ್ರೇಮನಾಥ ಅಂಕಲ್ ಅಲ್ವಾ? ನಿಮಗೆ ಚರ್ಚಿನ ಬಗ್ಗೆ ಕೇಳಲಿಕ್ಕೆ ಉಂಟು ಅಂತ ಪ್ರಣೀತಾ ಹೇಳಿದ್ರು. ಅವರು ಪಾರ್ಕಿಂಗ್ ಹುಡುಕ್ತಾ ಇದ್ದಾರೆ."

ಮಗಳಿಗೆ ಬಹುವಚನ ಬೇರೆ! ಎಷ್ಟು ನಯ, ನೋಡು.

"ಇಂಗ್ಲೆಂಡಿನಿಂದ ಬಂದದ್ದು ನೀವೇ ತಾನೆ?"

"ಹೌದು, ಬೆಳಗ್ಗೆಯಷ್ಟೇ. ನಾನು..."

"ಪರಿಚಯ ಆಮೇಲೆ. ಕೂತ್ಕೊಳ್ಳಿ. ಬಾಗಿಲಿನ ಕಮಾನು ದುಂಡಗೆ, ಒಳಗಿನವು ಚೂಪು. ಎಂತಕ್ಕೆ?"

ಬಂದವನು ನಕ್ಕ. "ಬಾಗಿಲು ನಾರ್ಮನ್ ರಾಜರ ಕಾಲದ್ದು, ಆಗ ದುಂಡು ಕಮಾನೇ. ಒಳಗಿನದು ಎಷ್ಟೋ ವರ್ಷ ಕಳೆದು ಕಟ್ಟಿದ್ದು. ಅಷ್ಟರಲ್ಲಿ ಚೂಪು ಕಮಾನು ಬಂದಾಗಿತ್ತು."

ಪುಸ್ತಕದ ಉತ್ತರ. ಪ್ರೇಮನಾಥರು ಜಗ್ಗಲಿಲ್ಲ. "ಗೋಡೆಯ ಚಿತ್ರಗಳು?"

"ಚರ್ಚು ಪ್ರೊಟೆಸ್ಟೆಂಟರದ್ದಾಯ್ತು, ಚಿತ್ರ, ಮೂರ್ತಿ ಬೇಡ ಎಂಬ ಕಾಲ ಬಂತು, ಸುಣ್ಣ ಬಳಿದರು. ಹೋದ ವರ್ಷ ಕೆರೆಯುವಾಗ ಒಬ್ಬ ದೇವದೂತ ಹೊರಗೆ ಬಂದ. ಒಂದು ಕಣ್ಣು ಮಾತ್ರ ಉಳಿದಿದೆ. ಊರಿನ ಡೊರೊತಿ ಅಜ್ಜಿ ನೋಡಿ ಅತ್ತುಬಿಟ್ಟರು. ನಾನು ಅವರ ಕೈ ಹಿಡ್ಕೊಂಡು ತುಂಬ ಹೊತ್ತು ಕೂತಿದ್ದೆ."

ಇದು ಕಂಪ್ಯೂಟರಿನಲ್ಲಿ ಇರಲಿಲ್ಲ.

"ದಕ್ಷಿಣದ ಗೋಡೆಯಲ್ಲಿ ಒಂದು ಗಿಡ್ಡ ಬಾಗಿಲುಂಟು."

"ಪಾದ್ರಿಗೆಂದೇ ಇಟ್ಟದ್ದು. ನನ್ನ ಹಣೆಗೆ ಎಷ್ಟು ಸಲ ಬಡಿದಿದೆಯೋ!"

ಕೊನೆಯ ಬಾಣ ಉಳಿದಿತ್ತು. "ಪೂರ್ವದ ಭಾಗ ಸೊಟ್ಟ ಯಾಕೆ?"

"ಶಿಲುಬೆಯ ಮೇಲೆ ಯೇಸುವಿನ ತಲೆ ವಾಲಿದ ಹಾಗೆ ಕಟ್ಟಿದ್ದು ಅಂತ ಜನ ಹೇಳ್ತಾರೆ. ನನಗೂ ಹಾಗೆ ಹೇಳಲಿಕ್ಕೆ ಆಸೆಯೇ. ಆದ್ರೆ ನಿಜ ಹೇಳ್ಬೇಕಲ್ಲ, ಮೇಸ್ತ್ರಿಯ ಗೆರೆ ತಪ್ಪಿದ್ದು ಇರಬೇಕು."

ಪ್ರೇಮನಾಥರು ಕುರ್ಚಿಗೆ ಒರಗಿದರು. ಚೆಂದದ ಸುಳ್ಳು ಕೈಯಲ್ಲೇ ಇದ್ದರೂ ಹೇಳದವನು! ತಂಗಿಯ ಮಗಳಿಗೆ ಸಿಕ್ಕವನು ನೆನಪಾದ. ಅವರ ದನಿ ಮೆತ್ತಗಾಯಿತು.

"ಭಾನುವಾರವಾದರೂ ರಜೆ ಸಿಗ್ತದಾ?"

"ಭಾನುವಾರವೇ ಕೆಲಸ ಜಾಸ್ತಿ."

"ಕುಡಿಯುವುದು?"

"ಕೆಲಸದ ಲೆಕ್ಕದಲ್ಲಿ ಒಂದು ಗುಟುಕು ವೈನ್. ಅಷ್ಟೆ."

ಕಂಪನಿ ಪಾರ್ಟಿಗಳೆಂದರೆ ಹಾಗೆಯೇ. ಪ್ರೇಮನಾಥರು ಕ್ಷಮಿಸಿದರು. "ಮದುವೆ ಅಂದ್ರೆ ಏನು ಅಂತ ಗೊತ್ತುಂಟಲ್ಲ?"

"ತುಂಬ ಹತ್ತಿರದಿಂದ ನೋಡಿದ್ದೇನೆ ಅಂಕಲ್. ಆ ದಿನ ಕೊಟ್ಟ ಮಾತನ್ನು ಕೊನೆವರೆಗೂ ಉಳಿಸ್ಕೊಳ್ಳುವುದೇ ಕಷ್ಟ."

"ನನ್ನ ಮಗಳು?"

"ಅಂಥ ಹುಡುಗಿ ಸಿಗ್ಲಿಕ್ಕೆ ಪುಣ್ಯ ಮಾಡಿರಬೇಕು. ಈ ಮದುವೆ ನಡೆಯಲೇಬೇಕು ಅಂತ ನಾನು ದಿನಾ ಪ್ರಾರ್ಥನೆ ಮಾಡ್ತೇನೆ."

ಸಾಕು. ಪ್ರೇಮನಾಥರು ಎದ್ದು ಅವನನ್ನು ಬಾಚಿ ತಬ್ಬಿಕೊಂಡರು. ಹೋಟೆಲಿಡೀ ಕೇಳುವಂತೆ ಲೋಲಾಕ್ಷಿಗೆ ಫೋನು ಹಚ್ಚಿದರು.

"ಖಲಾಸ್! ಪರೀಕ್ಷೆ ಮುಗೀತು. ಹುಡುಗ ಅಪ್ಪಟ ಚಿನ್ನ. ಮುಹೂರ್ತ ಕೇಳು, ಇವತ್ತೇ ಕೇಳು!"

ಏನೋ ಹೇಳಲು ಬಾಯಿ ತೆರೆದವನ ಬಾಯಿಗೆ ದೊಡ್ಡದೊಂದು ಹಲ್ವದ ತುಂಡು ಬಿತ್ತು. ಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿದರು. ಅವನು ಎರಡೂ ಕೈ ಬೀಸುತ್ತ ಅಗಿಯತೊಡಗಿದ. ನಾಚಿಕೆ, ಪಾಪ.

ಅಷ್ಟರಲ್ಲಿ ಪ್ರಣೀತಾ ಒಳಗೆ ಬಂದಳು. ಅವಳ ಹಿಂದೆ ಬೆವರಿ ತೊಪ್ಪೆಯಾದ ಒಬ್ಬ ತೆಳ್ಳನೆಯ ಯುವಕ, ಕೈಯಲ್ಲಿ ಕಾರಿನ ಕೀಲಿ.

ಹಲ್ವ ಗಂಟಲಿಳಿಯುತ್ತಲೇ ಬಂದವನು ಹೇಳಿದ: "ಶ್ರವಣ್ ಅಗೋ ಅಲ್ಲಿ, ಅಂಕಲ್; ನಾನು ಸ್ಟ್ಯಾನಿ, ಅವನ ಜೊತೆ ಊರಿಗೆ ಹೊರಟ ಆ ಚರ್ಚಿನ ಪಾದ್ರಿ, ಮತ್ತೆ ನನಗೆ ಆಗಲೇ ಒಬ್ಬಳು ಹೆಂಡತಿ, ಎರಡು ಮಕ್ಕಳು ಇದ್ದಾರೆ."