ನಾಲ್ಕೇ ಮಂದಿಯ ರ‍್ಯಾಮ್

ಆ ಊರಿನಲ್ಲಿ ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲು "ರ‍್ಯಾಮಿನಾಗ ಜಾಗ ಐತೇನ್ರೀ?" ಅಂತ ಕೇಳುವುದು ಮರ್ಯಾದೆ. ಕಂಪ್ಯೂಟರಿನ ರ‍್ಯಾಮಿನಂತೆ ಎಲ್ಲರ ತಲೆಯ ನೆನಪಿನಲ್ಲೂ ನಾಲ್ಕೇ ಮಂದಿಗೆ ಜಾಗ. ಐದನೆಯವರು ಬಂದರೆ, ಕಣ್ಣೆದುರಿಗೆ ಇಲ್ಲದವರು ಮೊದಲು ಹೊರಬೀಳುತ್ತಾರೆ. ಬದುಕಿದ್ದವರಾದರೆ ಮತ್ತೆ ಬಂದು, ಹೆಸರು ಹಿಡಿದು ಕೂಗಿ ಒಳಸೇರಬಹುದು. ಸತ್ತವರು ಹೋದರೆ ಹೋದಂತೆಯೇ.

ಗಂಡ ತೀರಿಕೊಂಡ ಮೇಲೆ ಸುವರ್ಣಾ ಯಾರ ತಲೆಯಲ್ಲೂ ಉಳಿದಿರಲಿಲ್ಲ. ಒಡಹುಟ್ಟಿದ ತಂಗಿ ಇಂದ್ರವ್ವನಾದರೂ ಒಮ್ಮೆ ಅಕ್ಕಾ ಅನ್ನಲಿ ಎಂದು ಬಸ್ಸು ಹತ್ತಿ ಬಂದಿದ್ದಳು. ಗುರುತು ಹೇಳಿಕೊಂಡ ಮೇಲೂ ತಂಗಿಯ ಗಂಡ ಫಕೀರಪ್ಪ ಬಾಗಿಲಿಗೆ ಕೈ ಅಡ್ಡ ಹಿಡಿದ.

"ಇಕಿ ತಲಿಯಾಗ ಜಾಗಿಲ್ಲ ನೋಡ್ರಿ ಅಕ್ಕಾರ. ನಾನು, ಎರಡು ಹುಡುಗ್ರು, ಮತ್ತ ಮೊನ್ನೆ ತೀರಿಕೊಂಡ ಹಸುಗೂಸು. ಅಲ್ನೋಡ್ರಿ, ಖಾಲಿ ತೊಟ್ಲ ತೂಗಿ ತೂಗಿ ಅದನ್ನ ತಲಿಯಾಗ ಹಿಡಕೊಂಡಾಳ. ನೀವು ಕೂಗಿದ್ರಿ ಅಂದ್ರ ಅದು ಹೋತು."

ಸುವರ್ಣಾ ತಿರುಗಿ ಮೆಟ್ಟಿಲು ಇಳಿದಳು. ಆಮೇಲೆ ತಡೆಯಲಾರದೆ ಕೂಗಿಯೇ ಬಿಟ್ಟಳು: "ಇಂದ್ರೀ!"

"ಅಕ್ಕಾ! ಎಷ್ಟ ಸೊರಗೀದಿಬೇ!"

ಇಂದ್ರವ್ವ ಓಡಿ ಬಂದು ತಬ್ಬಿಕೊಂಡಳು. ನಕ್ಕಳು, ಅತ್ತಳು. ಚಹಾಕ್ಕಿಡಲು ಒಳಗೆ ಹೊರಟವಳು ತೊಟ್ಟಿಲಿಗೆ ತಾಗಿ ನಿಂತಳು.

"ಇದನ್ಯಾಕ ಇಲ್ಲಿ ಕಟ್ಟೀವ್ರೀ? ಯಾರದಿದು?"

ಫಕೀರಪ್ಪ ಗೋಡೆಯ ಕಡೆ ಮುಖ ತಿರುಗಿಸಿದ.

"ನಂದವಾ," ಅಂದಳು ಸುವರ್ಣಾ. "ಒಯ್ಯಾಕಂತ ಬಂದೆ."

"ಹಂಗಾದ್ರ ತಡಿ," ಎಂದು ಇಂದ್ರವ್ವ ಸ್ಟೂಲು ಹತ್ತಿ, ನಗುನಗುತ್ತಾ ತಾನೇ ಹಗ್ಗ ಬಿಚ್ಚಿಕೊಟ್ಟಳು.