ಒಲೆ ಮುಂದಿನ ಇಂಗ್ಲಿಷ್

ಮೂರನೇ ಕೊಠಡಿಯ ಕಿಟಕಿಯಾಚೆ ಯಾರೋ ಇಂಗ್ಲಿಷ್ ಪ್ರಬಂಧ ಹೇಳುತ್ತಿರುವುದು ಕಿವಿಗೆ ಬಿದ್ದದ್ದೇ ವಿರೂಪಾಕ್ಷಪ್ಪ ಮೇಷ್ಟ್ರ ಪಿತ್ತ ನೆತ್ತಿಗೇರಿತು. ಎಸ್ಸೆಸ್ಸೆಲ್ಸಿ ಪರೀಕ್ಷೆ, ಅದರಲ್ಲೂ ಅಕ್ಟೋಬರಿನ ಫೇಲಾದವರ ಪರೀಕ್ಷೆ, ಅದರಲ್ಲೂ ಇಂಗ್ಲಿಷ್! ಜಗಳೂರಿನ ಈ ಕೇಂದ್ರದ ಉಸ್ತುವಾರಿಗೆಂದು ಚನ್ನಗಿರಿಯಿಂದ ಬಂದಿದ್ದ ಮೇಷ್ಟ್ರು ನಕಲು ಹೊಡೆಯುವವರ ಪಾಲಿಗೆ ಯಮ ಎಂದೇ ಹೆಸರಾದವರು. ಪಂಚೆ ಎತ್ತಿ ಹಿಡಿದು ಜಗಲಿಯಿಂದ ಧುಮುಕಿದರು.

ಕಿಟಕಿಯ ಪಕ್ಕದ ಬೇವಿನ ಮರದಡಿ ಮುದುಕಿಯೊಬ್ಬಳು ಕಾಲು ಚಾಚಿ, ಕಾಲ ಮೇಲೆ ಕೂಸು ಮಲಗಿಸಿಕೊಂಡು ತೂಗುತ್ತಿದ್ದಳು. ಧಾಟಿಯೇನೋ ಜೋಗುಳದ್ದೇ. ಮಾತು ಮಾತ್ರ, "ದಿ ಪೋಸ್ಟ್‌ಮನ್ ಈಸ್ ಎ ಪಬ್ಲಿಕ್ ಸರ್ವೆಂಟ್, ಹಿ ವೇರ್ಸ್ ಎ ಖಾಕಿ ಯೂನಿಫಾರ್ಮ್..."

"ಎಲ್ಲಿ, ಚೀಟಿ ಕೊಡು ಇಲ್ಲಿ!"

"ಎಂಥ ಚೀಟಿ ಸಾರ್?" ಮುದುಕಿ ಬರಿಗೈ ಚಾಚಿದಳು. "ಬಿಳಿಚೋಡಿನ ಶಂಕ್ರಮ್ಮ ರೀ ನಾನು. ಹೆಬ್ಬೆಟ್ಟು. ಓದಾಕೆ ಎಲ್ಲಿ ಬರ್ತೈತೆ?"

"ಹೆಬ್ಬೆಟ್ಟಿಗೆ ಇಂಗ್ಲಿಷ್ ಬರ್ತೈತೇನು? ಒಳಗೆ ಯಾರಿಗೆ ಹೇಳ್ಕೊಡ್ತಿದ್ದೀ? ಡಿಬಾರ್ ಮಾಡ್ತೀನಿ!"

ಕಿಟಕಿಯ ಒಳಗೆ ಬರೆಯುತ್ತಿದ್ದ ತೆಳ್ಳನೆಯ ಹೆಣ್ಣುಮಗಳ ಪೆನ್ನು ನಿಂತಿತು. ಶಂಕ್ರಮ್ಮ ಕೂತಲ್ಲೇ ಕೈ ಮುಗಿದಳು.

"ಅವಳು ನಿರ್ಮಲ, ನನ್ನ ಸೊಸೆ. ಹಂಗೆಲ್ಲ ಮಾಡಬ್ಯಾಡ್ರಿ ಸಾರ್. ಎಲ್ಲಾ ಪಾಸಾಗಿ ಇಂಗ್ಲಿಷ್ ಒಂದರಾಗೆ ಎರಡು ಸಲ ಹೋಗೈತೆ. ನರ್ಸ್ ಟ್ರೈನಿಂಗಿಗೆ ಹೋಗಾಕೆ ವಯಸ್ಸು ಈ ವರ್ಷಕ್ಕೇ ಮುಗೀತೈತಂತೆ. ಅವಳು ರೊಟ್ಟಿ ಬಡೀತಾ ಬಾಯಿಪಾಠ ಮಾಡೋಳು, ನಾನು ಒಲೆಗೆ ಉರಿ ಹಾಕ್ತಾ ಕೇಳೋಳು. ಅವಳು ಎಲ್ಲಾದ್ರೂ ನಿಂತ್ರೆ ನಾನೇ ಎತ್ತಿಕೊಡೋಳು. ಈ ಕೂಸು ಹೊಟ್ಟೇಲಿದ್ದಾಗ್ಲಿಂದ ಅದನ್ನೇ ಕೇಳಿ ಕೇಳಿ, ಈಗ ನಮ್ಮ ಜೋಗುಳಕ್ಕೆ ಮಲಗಾದೇ ಇಲ್ಲ! ಬಾಯಿ ಮುಚ್ಚಿದ್ರೆ ಕಿರುಚ್ತೈತೆ. ಇದು ಕಿರುಚಿದ್ರೆ ಅಲ್ಲಿ ಅವಳ ಕೈ ನಿಂತೋಗ್ತೈತೆ. ದೂರ ಹೋಗಾನ ಅಂದ್ರೆ ನೆರಳು ಇರಾದು ಇದೊಂದೇ ಮರದಾಗೆ."

ಮೇಷ್ಟ್ರು ಇಂಥ ಕತೆಗಳನ್ನು ಬಹಳ ಕೇಳಿದ್ದರು. "ಹಂಗಾದ್ರೆ 'ಮೈ ವಿಲೇಜ್' ಹೇಳು, ನೋಡಾನ."

ಶಂಕ್ರಮ್ಮ ದನಿ ತಗ್ಗಿಸಿ ಶುರು ಮಾಡಿದಳು. ಊರು, ಕೆರೆ, ಗುಡಿ, ಪಂಚಾಯ್ತಿ, ಒಂದೂ ಎಡವಲಿಲ್ಲ. 'ದಿ ಕೌ' ಎಂದರೆ ಹಸುವಿನ ಕೊಂಬಿನಿಂದ ಹಿಡಿದು ಬಾಲದ ಕುಚ್ಚಿನವರೆಗೆ ಒಪ್ಪಿಸಿದಳು. ಹದಿನೆಂಟು ವರ್ಷ ಇಂಗ್ಲಿಷ್ ಕಲಿಸಿ, ಲೆಕ್ಕವಿಲ್ಲದಷ್ಟು ಬೆತ್ತ ಮುರಿದಿದ್ದ ಮೇಷ್ಟ್ರಿಗೆ ಒಬ್ಬ ಶಿಷ್ಯನೂ ಹೀಗೆ ಪಾಠ ಒಪ್ಪಿಸಿದ ನೆನಪಿರಲಿಲ್ಲ. ಅವರಿಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಮುದುಕಿಯ ಎದುರು ತಾವೂ ಕುಕ್ಕರಗಾಲಲ್ಲಿ ಕೂತರು.

"ಅರ್ಥ ಗೊತ್ತೇನಮ್ಮಾ?"

"ಅರ್ಥ ಅವಳತ್ರ ಐತ್ರೀ. ನನ್ನತ್ರ ಮಾತಷ್ಟೇ."

ಮೇಷ್ಟ್ರ ಜೇಬಿನಲ್ಲಿ ಆ ದಿನದ ಪ್ರಶ್ನೆಪತ್ರಿಕೆ ಮಡಿಕೆಯಾಗಿ ಕೂತಿತ್ತು. ಕೇಳಿದ್ದ ಪ್ರಬಂಧ ಬಸ್ಸಿನ ಪ್ರಯಾಣದ ಮೇಲೆ. ಎಲ್ಲರೂ ಬಾಯಿಪಾಠ ಮಾಡುವ ಗೈಡಿನಲ್ಲಿ ಅದು ಮೊದಲನೆಯದು. ಮುದುಕಿಯ ಬಾಯಲ್ಲಿ ಮಾತ್ರ ಅದರ ಸುಳಿವೇ ಇರಲಿಲ್ಲ. ಪಾಪ, ಅದೊಂದು ಇಬ್ಬರಿಗೂ ಬಾರದೇನೋ! ಅತ್ತಿತ್ತ ನೋಡಿ, ಬಗ್ಗಿ, ಪಿಸುದನಿಯಲ್ಲಿ ಕೇಳಿದರು. ಕೇಳುವಾಗ ತಮಗೇ ಗೊತ್ತಿಲ್ಲದೆ ಬಹುವಚನಕ್ಕೆ ಬಂದಿದ್ದರು.

"ಬಸ್ ಜರ್ನಿ ಬರಾದಿಲ್ವೇನ್ರಮ್ಮಾ ನಿಮಗೆ?"

ಶಂಕ್ರಮ್ಮ ಗಾಬರಿಯಿಂದ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

"ಮೆಲ್ಲಗೆ ಸಾರ್! ಬರ್ತೈತೆ. ಎಲ್ಲಕ್ಕಿಂತ ಅದೇ ಚಂದಾಗಿ ಬರೋದು. ಆದ್ರೆ ಕಾಂಪೌಂಡಿನಾಚೆ ಹುಡುಗ್ರು ಆಗ್ಲೇ ಕೂಗ್ತಿದ್ರಲ್ಲ, ಪೇಪರಿನಾಗೆ ಬಂದಿರಾದು ಅದೇ ಅಂತ. ಅದಕ್ಕೇ ಅದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲಾ ಹೇಳ್ತಾ ಕುಂತೀನಿ." ಅವಳು ಕೂಸನ್ನು ಮತ್ತೆ ತೂಗತೊಡಗಿದಳು. "ಬೆಲ್ ಹೊಡೀಲಿ, ಆಮೇಲೆ ಬರ್ರಿ. ಒಂದಕ್ಷರ ಬಿಡದಂಗೆ ಒಪ್ಪಿಸ್ತೀನಿ."