ಬಾಗಿಲಲ್ಲಿ ಚಾಚಿದ ಕೈ

ಜನ ತಮ್ಮ ಬದಲು ತಮ್ಮ ನೆರಳನ್ನು ಕಳಿಸತೊಡಗಿದ ಮೇಲೆ ಬೆಟಗೇರಿಯ ಚರ್ಚಿನ ಸಭೆ ಮೂರು ಪಟ್ಟು ಬೆಳೆದಿತ್ತು. ಪಾಸ್ಟರ್ ಎಲೀಷಪ್ಪನವರು ಮನೆಮನೆಗೆ ಹೋಗಿ ಸುವಾರ್ತೆ ಸಾರಿದರೆ ಯಾರೂ ಒಲ್ಲೆ ಎನ್ನುತ್ತಿರಲಿಲ್ಲ. 'ನೆರಳು ಕಳಸ್ತೇವ್ರಿ' ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಬಿಷಪ್ಪರಿಂದ ಶಹಭಾಸ್‌ಗಿರಿಯೂ ಬಂದಿತ್ತು.

ನೆರಳುಗಳು ಬಲು ಶಿಸ್ತಿನವು. ಪ್ರಸಂಗದ ನಡುವೆ ಕೆಮ್ಮುತ್ತಿರಲಿಲ್ಲ, ತೂಕಡಿಸುತ್ತಿರಲಿಲ್ಲ. ಆರಾಧನೆ ಮುಗಿದ ಮೇಲೆ ಪದ್ಧತಿಯಂತೆ ಪಾಸ್ಟರು ಎಲ್ಲರ ಕೈಕುಲುಕಲು ಬಾಗಿಲಲ್ಲಿ ಕೈಚಾಚಿ ನಿಂತರೆ, ಅವು ಒಂದೊಂದಾಗಿ ಆ ಅಂಗೈಯನ್ನು ಹಾದುಹೋಗುತ್ತಿದ್ದವು. ಹೆಂಡತಿ ತೀರಿಕೊಂಡ ಮೇಲೆ ಅವರ ಕೈಯನ್ನು ಯಾರೂ ಹಿಡಿದಿರಲಿಲ್ಲ.

ಈ ಭಾನುವಾರ ಕೊನೆಯ ಬೆಂಚಿನಿಂದ ಕೆಮ್ಮು ಕೇಳಿಸಿತು. ಪಾಸ್ಟರಿಗೆ ಓದುತ್ತಿದ್ದ ವಚನವೇ ತಪ್ಪಿತು. ನೇಕಾರರ ಓಣಿಯ ಲೂದಿಯಮ್ಮ ಸ್ವತಃ ಬಂದು ಕೂತಿದ್ದಳು. ಬಾಗಿಲಲ್ಲಿ ಆಕೆಯ ಒರಟು ಕೈ ಅವರ ಕೈಗೆ ತಾಗಿ, ಅಲ್ಲೇ ನಿಂತಿತು.

'ನೀವಽ ಬಂದ್ರೇನವ್ವಾ!'

'ನೆರಳು ಕೆಟ್ಟೈತ್ರಿ ಅಯ್ಯಾರ. ನಾಳೆ ರಿಪೇರಿ ಮಾಡಿ ಕೊಡ್ತಾರಂತ. ಮುಂದಿನ ವಾರ ಅದನ್ನಽ ಕಳಸ್ತೀನಿ, ಚಿಂತಿ ಮಾಡಬ್ಯಾಡ್ರಿ.'

ಎಲೀಷಪ್ಪನವರು ತಲೆಯಾಡಿಸಿದರು. ಆಕೆಯ ಹಿಂದೆ ನೆರಳುಗಳ ಸಾಲು ತಾಳ್ಮೆಯಿಂದ ಕಾಯುತ್ತಿತ್ತು.

'ಇನ್ನ ಕೈ ಬಿಡ್ರಿ ಅಯ್ಯಾರ,' ಎಂದು ಲೂದಿಯಮ್ಮ ನಕ್ಕಳು. 'ಒಲಿ ಮ್ಯಾಲ ಸಾರು ಇಟ್ಟು ಬಂದೀನಿ.'